ಗುಜರಿಗೆ ಹೋಗದ ವಿಮಾನಗಳು

2025ರ ಸೆಪ್ಟೆಂಬರ್ 26ರಂದು ಚಂಡೀಗಢದ ವಾಯುನೆಲೆಯಲ್ಲಿ ಮಿಗ್-21 ಯುದ್ಧವಿಮಾನಗಳಿಗೆ ಬೀಳ್ಕೊಡುಗೆ ನಡೆಯಿತು. ಈ ಮಾದರಿಯ ವಿಮಾನ ನಮ್ಮ ವಾಯುಪಡೆಗೆ ಬಂದದ್ದು 1963ರಲ್ಲಿ. ಅಂದರೆ 62 ವರ್ಷಗಳ ಸೇವೆ! ನನ್ನಂಥ ಮೇಷ್ಟರು 60ಕ್ಕೇ ಮನೆಗೆ ಹೋಗಬೇಕು. ನಮಗಾದರೆ ಹಾರ, ಶಾಲು, ಹಣ್ಣಿನ ಬುಟ್ಟಿ, ಆಮೇಲೆ ಪಿಂಚಣಿ. ವಿಮಾನಕ್ಕೆ ಏನು?

ಉತ್ತರ ಸ್ವಲ್ಪ ಕಹಿ. ಹೆಚ್ಚಿನವು ಗುಜರಿಗೆ ಹೋಗುತ್ತವೆ. ವಿಮಾನದ ಮೈಯಲ್ಲಿರುವುದು ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹ. ಬಾಕ್ಸೈಟ್ ಅದಿರಿನಿಂದ ಹೊಸದಾಗಿ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಐದು ಪಾಲು ಖರ್ಚು ಮಾಡಿದರೆ ಸಾಕು, ಹಳೆಯ ಅಲ್ಯೂಮಿನಿಯಂ ಕರಗಿ ಮತ್ತೆ ಬಳಕೆಗೆ ಬರುತ್ತದೆ. ಬೀದಿಯಲ್ಲಿ ಹಳೇ ಪಾತ್ರೆ ಕೊಳ್ಳುವವನು ಸೊಟ್ಟಗಾದ ತಪ್ಪಲೆಯನ್ನೂ ಬಿಡದೆ ತೂಕಕ್ಕೆ ಹಾಕಿಕೊಳ್ಳುತ್ತಾನಲ್ಲ, ಲೆಕ್ಕ ಅದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಅರಿಜೋನಾ ರಾಜ್ಯದ ಕಿಂಗ್‌ಮನ್ ಎಂಬ ಊರಿನ ವಾಯುನೆಲೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಯುದ್ಧವಿಮಾನಗಳನ್ನು ಸಾಲಾಗಿ ನಿಲ್ಲಿಸಿದರು. ಕೆಲವಂತೂ ಕಾರ್ಖಾನೆಯಿಂದ ನೇರವಾಗಿ ಬಂದಂಥವು. 1948ರ ಹೊತ್ತಿಗೆ ಅವೆಲ್ಲ ಕುಲುಮೆಯಲ್ಲಿ ಕರಗಿ ಅಚ್ಚುಗಳಾಗಿ ಹೋಗಿದ್ದವು.

ಹಾಗಾದರೆ ಮ್ಯೂಸಿಯಮ್ಮುಗಳಲ್ಲಿ ಇಂದು ನಾವು ನೋಡುವ ಆ ಕಾಲದ ವಿಮಾನಗಳು ಉಳಿದದ್ದು ಹೇಗೆ? ಯಾರೋ ದೂರದೃಷ್ಟಿಯವರು ಮುಂಚೆಯೇ ಯೋಚಿಸಿ ಎತ್ತಿಟ್ಟರೇ? ಅಂಥವು ಕಡಿಮೆ. ಬಹಳಷ್ಟು ಉಳಿದದ್ದು ಎಲ್ಲೋ ಒಂದು ಕಡೆ ಅವು ಇನ್ನೂ ಕೆಲಸ ಮಾಡುತ್ತಿದ್ದುದರಿಂದ. ಇದಕ್ಕೆ ನಮ್ಮ ಬೆಂಗಳೂರಿನದೇ ಒಂದು ಕಥೆಯಿದೆ. ಪಠ್ಯಪುಸ್ತಕದಲ್ಲಿ ಇರಬೇಕಾದ ಕಥೆ; ಇಲ್ಲ.

ಲಿಬರೇಟರ್ ಎಂಬುದು ಅಮೆರಿಕದ ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಯುದ್ಧಕಾಲದಲ್ಲಿ ಇಂಥವನ್ನು ಹದಿನೆಂಟು ಸಾವಿರಕ್ಕೂ ಹೆಚ್ಚು ಮಾಡಿದರು. ಫೋರ್ಡ್ ಕಂಪನಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಭರದಿಂದ ನಡೆದಾಗ ಗಂಟೆಗೊಂದರಂತೆ ವಿಮಾನ ಹೊರಬೀಳುತ್ತಿತ್ತು. ಬ್ರಿಟಿಷರು ಇವನ್ನು ಅಮೆರಿಕದಿಂದ ಎರವಲು ಪಡೆದು ಬರ್ಮಾ ಯುದ್ಧಕ್ಕಾಗಿ ಭಾರತಕ್ಕೂ ತಂದಿದ್ದರು. ಯುದ್ಧ ಮುಗಿದ ಮೇಲೆ ಎರವಲು ತಂದದ್ದನ್ನು ಹಿಂದಿರುಗಿಸಬೇಕು, ಇಲ್ಲವೇ ನಾಶಮಾಡಬೇಕು ಎಂಬುದು ಒಪ್ಪಂದ. ಅದರಂತೆ ಕಾನ್ಪುರದ ಡಿಪೋದಲ್ಲಿದ್ದ ಲಿಬರೇಟರ್‌ಗಳನ್ನು ಇನ್ನೆಂದೂ ಹಾರದಂತೆ ಕೆಡಿಸಿ ಬಯಲಿನಲ್ಲಿ ಬಿಟ್ಟುಹೋದರು.

ಸ್ವಾತಂತ್ರ್ಯ ಬಂದಾಗ ಭಾರತಕ್ಕೆ ದೊಡ್ಡ ಬಾಂಬರ್ ಇರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಕಾನ್ಪುರದ ಅವಶೇಷಗಳಿಂದ ಏನಾದರೂ ಆದೀತೇ ಎಂದು 1948ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಕೇಳಿದರು. ಇಂದಿನ ಎಚ್‌ಎಎಲ್‌ನ ಹಳೆಯ ಹೆಸರು ಅದು. ಯುದ್ಧದ ದಿನಗಳಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳ ರಿಪೇರಿ ಇಲ್ಲೇ ನಡೆಯುತ್ತಿದ್ದುದರಿಂದ ಇಲ್ಲಿನ ಕೆಲಸಗಾರರ ಕೈ ಚೆನ್ನಾಗಿ ಪಳಗಿತ್ತು. ಅವರು ಕಾನ್ಪುರಕ್ಕೆ ಹೋಗಿ, ಒಂದು ವಿಮಾನದ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಒಂದೇ ಒಂದು ಸಲ ಹಾರಿದರೆ ಸಾಕು ಎನ್ನುವಷ್ಟು ಸರಿಮಾಡಿದರು. ಕಾರ್ಖಾನೆಯ ಪೈಲಟ್ ಜಮ್ಷೆಡ್ ಮುನ್ಷಿಯವರು ಅವನ್ನು ಹಾರಿಸಿಕೊಂಡು ಬಂದರು. ಕಾನ್ಪುರದಿಂದ ಬೆಂಗಳೂರಿಗೆ ನೇರ ದಾರಿಯೇ ಸುಮಾರು 1,500 ಕಿಲೋಮೀಟರ್. ಕೆಡಿಸಿ ಬಿಟ್ಟಿದ್ದ ಯಂತ್ರದಲ್ಲಿ ಕುಳಿತು ಅಷ್ಟು ದೂರ! ಇಲ್ಲಿಗೆ ಬಂದ ಮೇಲೆ ಒಂದೊಂದನ್ನೂ ಪೂರಾ ಬಿಚ್ಚಿ ಕೂಡಿಸಿದರು. ಹೀಗೆ ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳು ಮತ್ತೆ ಜೀವ ಪಡೆದವು. 1968ರ ಡಿಸೆಂಬರ್ 31ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಲಿಬರೇಟರ್ ಎಂಬುದು ಹೆಚ್ಚುಕಡಿಮೆ ಹೆಸರಾಗಿಯಷ್ಟೇ ಉಳಿದಿತ್ತು.

ಮುಂದೆ ನಡೆದದ್ದು ಸೋಜಿಗ. ಲಿಬರೇಟರ್ ಬೇಕಾದವರು ಭಾರತದ ಕಡೆ ನೋಡತೊಡಗಿದರು. 1968ರಲ್ಲಿ ಒಂದು ಕೆನಡಾಕ್ಕೆ ಹೋಯಿತು. 1969ರಲ್ಲಿ ಪುಣೆಯಿಂದ ಹೊರಟ ಇನ್ನೊಂದು ಅರಿಜೋನಾದ ಟ್ಯೂಸಾನ್ ನಗರಕ್ಕೆ ಹಾರಿಹೋಯಿತು. ಅಲ್ಲಿನ ಪೀಮಾ ವಿಮಾನ ಮ್ಯೂಸಿಯಮ್ಮಿನಲ್ಲಿ ಈಗಲೂ ಇದೆ. 1974ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿಗೆ ಒಂದು ಹೋಯಿತು. ಕೆಡಿಸಿ ಬಿಟ್ಟುಹೋದವರ ದೇಶಕ್ಕೇ, ಹಾರಿಕೊಂಡು! ದಿಲ್ಲಿಯ ಪಾಲಂನಲ್ಲಿರುವ ವಾಯುಪಡೆಯ ಮ್ಯೂಸಿಯಮ್ಮಿಗೆಂದು ನಾವೂ ಒಂದನ್ನು ಇಟ್ಟುಕೊಂಡೆವು. ಐದನೆಯದನ್ನು ಖಾಸಗಿಯವರು ಕೊಂಡರು. ಕೊನೆಗೆ ಅದು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಕೈಸೇರಿ, ಪೂರ್ತಿ ದುರಸ್ತಿಯಾಗಿ 1989ರಲ್ಲಿ ಮತ್ತೆ ಆಕಾಶಕ್ಕೇರಿತು. ಹದಿನೆಂಟು ಸಾವಿರದಲ್ಲಿ ಇಂದು ಇಡಿಯಾಗಿ ಉಳಿದಿರುವ ಲಿಬರೇಟರ್‌ಗಳು ಇಪ್ಪತ್ತನ್ನು ದಾಟುವುದಿಲ್ಲ. ಅಂಥದ್ದರಲ್ಲಿ ಈ ಐದೂ ಬೆಂಗಳೂರಿನ ಕೆಲಸಗಾರರ ಕೈಯಲ್ಲಿ ಹಾದುಬಂದವು. ಅವರ ಹೆಸರು ಯಾವ ಫಲಕದಲ್ಲೂ ಕಾಣುವುದಿಲ್ಲ ಎಂಬುದು ಬೇರೆ ಮಾತು.

ವಿಮಾನ ಮ್ಯೂಸಿಯಮ್ಮಿಗೆ ಬಂದು ನಿಂತಿತು, ಕಥೆ ಮುಗಿಯಿತು ಎಂದುಕೊಳ್ಳಬೇಡಿ. ಅಲ್ಲಿಂದಲೇ ನಿಜವಾದ ಪಾಡು ಶುರು. ಒಂಬತ್ತನೇ ತರಗತಿಯ ಹುಡುಗನೊಬ್ಬ ಒಮ್ಮೆ ಕೇಳಿದ: "ಸಾರ್, ತುಕ್ಕು ಹಿಡಿಯುವುದು ಕಬ್ಬಿಣಕ್ಕಲ್ವಾ? ವಿಮಾನ ಅಲ್ಯೂಮಿನಿಯಂದು. ಅದಕ್ಕೇನಾಗುತ್ತೆ?"

ಒಳ್ಳೆಯ ಪ್ರಶ್ನೆ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿಕೊಂಡ ತಕ್ಷಣ ಅದರ ಮೈಮೇಲೆ ಆಕ್ಸೈಡಿನ ಒಂದು ಪೊರೆ ಮೂಡುತ್ತದೆ. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲುಗಳಷ್ಟು ದಪ್ಪ. ಆದರೂ ಅದು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಗೀರಿದರೆ ಮತ್ತೆ ಮೂಡುತ್ತದೆ. ನಿಮ್ಮ ಅಜ್ಜಿಯ ಕಾಲದ ಅಲ್ಯೂಮಿನಿಯಂ ಪಾತ್ರೆ ಇನ್ನೂ ಅಡುಗೆಮನೆಯಲ್ಲಿ ಇರುವುದು ಇದರಿಂದಲೇ.

ಆದರೆ ಶುದ್ಧ ಅಲ್ಯೂಮಿನಿಯಂ ಮೆದು. ಅದರಲ್ಲಿ ತಪ್ಪಲೆ ಮಾಡಬಹುದು, ಹೊರೆ ಹೊರುವ ರೆಕ್ಕೆ ಮಾಡಲಾಗದು. 1906ರ ಸುಮಾರಿನಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹವಿಜ್ಞಾನಿ ಅಲ್ಯೂಮಿನಿಯಂಗೆ ನೂರಕ್ಕೆ ನಾಲ್ಕರಷ್ಟು ತಾಮ್ರ, ಚೂರು ಮೆಗ್ನೀಸಿಯಂ ಬೆರೆಸಿ, ಕಾಯಿಸಿ, ನೀರಿನಲ್ಲಿ ಅದ್ದಿ ತಣಿಸಿ ನೋಡಿದ. ಅಂಥ ವಿಶೇಷವೇನೂ ಕಾಣಲಿಲ್ಲ. ಒಂದೆರಡು ದಿನ ಬಿಟ್ಟು ಅದೇ ತುಂಡನ್ನು ಮತ್ತೆ ಪರೀಕ್ಷಿಸಿದರೆ ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿತ್ತು! ಹೆಪ್ಪು ಹಾಕಿಟ್ಟ ಹಾಲು ಯಾರೂ ಮುಟ್ಟದೆ ಬೆಳಗಾಗುವುದರೊಳಗೆ ಮೊಸರಾಗುವುದಿಲ್ಲವೇ, ಹಾಗೆ. ಒಳಗೆ ತಾಮ್ರದ ಪರಮಾಣುಗಳು ನಿಧಾನವಾಗಿ ಗುಂಪುಗೂಡಿ ಲೋಹದ ಪದರಗಳು ಜಾರದಂತೆ ತಡೆಯುತ್ತವೆ. ಇದೇ ಡ್ಯುರಾಲುಮಿನ್. ಲೋಹದ ವಿಮಾನಗಳ ಯುಗ ಶುರುವಾದದ್ದು ಇದರಿಂದ.

ಬಲ ಕೊಟ್ಟ ತಾಮ್ರವೇ ಕಂಟಕವೂ ಆಯಿತು. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದು, ಅವುಗಳ ಮೇಲೆ ಉಪ್ಪು ನೀರಿನ ಪಸೆ ಇದ್ದರೆ ಏನಾಗುತ್ತದೆ? ವಿದ್ಯುತ್ಕೋಶ ಆಗುತ್ತದೆ, ಹತ್ತನೇ ತರಗತಿಯವರಿಗೆ ಗೊತ್ತು. ಡ್ಯುರಾಲುಮಿನ್ನಿನ ಒಳಗೆ ತಾಮ್ರ ಹೆಚ್ಚಿರುವ ಸಣ್ಣ ಸಣ್ಣ ಕಣಗಳಿವೆ. ಸುತ್ತ ಅಲ್ಯೂಮಿನಿಯಂ ಇದೆ. ಹನಿ ನೀರು ಬಿದ್ದರೆ ಸಾಕು, ಲೆಕ್ಕವಿಲ್ಲದಷ್ಟು ಪುಟಾಣಿ ಕೋಶಗಳು ಕೆಲಸಕ್ಕೆ ತೊಡಗುತ್ತವೆ. ಸಮುದ್ರದ ಗಾಳಿಯಲ್ಲಿರುವ ಕ್ಲೋರೈಡ್ ಆ ಕಾವಲಿನ ಪೊರೆಯನ್ನೇ ತೂತು ಮಾಡುತ್ತದೆ. ಅಲ್ಯೂಮಿನಿಯಂ ಕರಗಿ ಬಿಳಿ ಹುಡಿಯಾಗಿ ಕಿಲುಬುಗಟ್ಟುತ್ತದೆ. ಈ ಹುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದಾದ್ದರಿಂದ ತಗಡಿನ ಪದರಗಳನ್ನು ಒಳಗಿನಿಂದಲೇ ನೂಕಿ ಎಬ್ಬಿಸುತ್ತದೆ. ಕೆಟ್ಟುಹೋದ ರೆಕ್ಕೆಯ ತುಂಡು ಥೇಟ್ ಚಿರೋಟಿಯ ಹಾಗೆ ಎಲೆ ಎಲೆಯಾಗಿ ಬಿಚ್ಚಿಕೊಂಡಿರುತ್ತದೆ. ಹೊರಗಿನ ಬಣ್ಣ ಮಾತ್ರ ಫಳಫಳ!

ಇದನ್ನು ತಡೆಯಲು ಅನೇಕ ವಿಮಾನಗಳ ತಗಡಿಗೆ ಎರಡೂ ಕಡೆ ಶುದ್ಧ ಅಲ್ಯೂಮಿನಿಯಂನ ತೆಳು ಹೊದಿಕೆ ಹಾಕಿರುತ್ತಾರೆ. ಹೊದಿಕೆ ಇರುವವರೆಗೆ ಚಿಂತೆಯಿಲ್ಲ. ಆದರೆ ರಿವೆಟ್ ಹೊಡೆಯಲು ತೂತು ಕೊರೆಯಲೇಬೇಕಲ್ಲ? ತೂತಿನ ಅಂಚಿನಲ್ಲಿ ಒಳಗಿನ ಲೋಹ ಬೆತ್ತಲೆ. ದೊಡ್ಡ ವಿಮಾನವೊಂದರಲ್ಲಿ ಲಕ್ಷಗಟ್ಟಲೆ ರಿವೆಟ್‌ಗಳಿರುತ್ತವೆ. ಅದರ ಜೊತೆಗೆ ಉಕ್ಕಿನ ಬೋಲ್ಟುಗಳು ಬೇರೆ.

ಮನೆಯಲ್ಲೇ ಇದನ್ನು ನೋಡಬಹುದು. ಊಟ ಸುತ್ತಿಕೊಡುವ ಅಲ್ಯೂಮಿನಿಯಂ ಹಾಳೆಯ ಎರಡು ಪಟ್ಟಿ ಕತ್ತರಿಸಿಕೊಳ್ಳಿ. (ಬಿಸ್ಕತ್ ಪೊಟ್ಟಣದ್ದು ಬೇಡ, ಅದಕ್ಕೆ ಪ್ಲಾಸ್ಟಿಕ್ ಅಂಟಿಸಿರುತ್ತಾರೆ.) ಒಂದಕ್ಕೆ ಕೆರೆದು ಶುಚಿಮಾಡಿದ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ. ಎರಡು ಗಾಜಿನ ಲೋಟದಲ್ಲಿ ಎರಡೆರಡು ಚಮಚ ಉಪ್ಪು ಕರಗಿಸಿದ ನೀರು ಹಾಕಿ ಒಂದೊಂದು ಪಟ್ಟಿಯನ್ನು ಅದ್ದಿಡಿ. ದಿನಾ ನೋಡಿ ಬರೆದಿಡಿ. ಒಂದು ವಾರದ ನಂತರ ಎರಡನ್ನೂ ಬೆಳಕಿಗೆ ಹಿಡಿದರೆ ಯಾವುದರಲ್ಲಿ ಸೂಜಿತೂತುಗಳು ಹೆಚ್ಚು ಎಂದು ನಿಮಗೇ ತಿಳಿಯುತ್ತದೆ. ಶಾಲೆಯಲ್ಲಿ ಮಲ್ಟಿಮೀಟರ್ ಇದ್ದರೆ ತಂತಿ ಸುತ್ತುವ ಮೊದಲು ಎರಡು ಲೋಹಗಳನ್ನೂ ಒಂದೇ ಉಪ್ಪು ನೀರಿನಲ್ಲಿ ಬೇರೆಬೇರೆಯಾಗಿ ಇಳಿಬಿಟ್ಟು ಅಳೆಯಿರಿ. ಅರ್ಧ ವೋಲ್ಟಿನ ಆಸುಪಾಸು ತೋರಿಸೀತು. ಆಮೇಲೆ ಆ ನೀರನ್ನು ಚರಂಡಿಗೆ ಚೆಲ್ಲಿ ಕೈತೊಳೆದುಕೊಳ್ಳಿ.

ಎಲ್ಲಕ್ಕೂ ಮೂಲ ನೀರು ಎಂದಾದರೆ ನೀರಿಲ್ಲದ ಕಡೆ ವಿಮಾನ ಇಟ್ಟರೆ ಹೇಗೆ? ಅಮೆರಿಕದವರು ಮಾಡಿದ್ದು ಅದನ್ನೇ. ಟ್ಯೂಸಾನ್ ನಗರದ ಡೇವಿಸ್-ಮಾಂಥನ್ ವಾಯುನೆಲೆಯಲ್ಲಿ 1946ರಿಂದಲೂ ಕೆಲಸವಿಲ್ಲದ ವಿಮಾನಗಳನ್ನು ಬಯಲಿನಲ್ಲಿ ನಿಲ್ಲಿಸುತ್ತ ಬಂದಿದ್ದಾರೆ. ಈಗ ಸಾವಿರಾರು ಇವೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 28 ಸೆಂಟಿಮೀಟರ್. ನಮ್ಮ ಚಳ್ಳಕೆರೆಯ ಬಯಲುಸೀಮೆಯಲ್ಲೂ ಇದಕ್ಕಿಂತ ಹೆಚ್ಚು ಬೀಳುತ್ತದೆ. ಆಗುಂಬೆಯಲ್ಲಿ ಜುಲೈ ತಿಂಗಳ ಒಂದೇ ವಾರದಲ್ಲಿ ಇಷ್ಟನ್ನು ಮೀರಿಸಿ ಸುರಿದೀತು. ನೆಲವೂ ಸುಣ್ಣದಂಶದಿಂದ ಗಟ್ಟಿಯಾಗಿ ಹೆಪ್ಪುಗಟ್ಟಿದೆ. ಕಾಂಕ್ರೀಟ್ ಹಾಸಿಲ್ಲದ ನೆಲದ ಮೇಲೂ ಬಾಂಬರ್ ನಿಲ್ಲಿಸಬಹುದು, ಚಕ್ರ ಹೂಳುವುದಿಲ್ಲ.

ಹಾಗೆಂದು ಸುಮ್ಮನೆ ನಿಲ್ಲಿಸುವುದಿಲ್ಲ. ಮೊದಲು ಬಂದೂಕು, ಪೈಲಟ್ಟನ್ನು ಹೊರಕ್ಕೆಸೆಯುವ ಆಸನದ ಸಿಡಿಮದ್ದು ಎಲ್ಲ ತೆಗೆಯುತ್ತಾರೆ. ಚೆನ್ನಾಗಿ ತೊಳೆಯುತ್ತಾರೆ, ಅದರಲ್ಲೂ ಸಮುದ್ರದ ಮೇಲೆ ಹಾರಿ ಬಂದವನ್ನು. ಇಂಧನ ಬಸಿದು ಆ ಜಾಗದಲ್ಲಿ ತೆಳುವಾದ ಎಣ್ಣೆ ತುಂಬಿಸಿ, ಅದನ್ನೂ ಬಸಿಯುತ್ತಾರೆ. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಲ್ಲಿಸುವ ಹಾಗೆ ಒಳಮೈಗೆ ಎಣ್ಣೆಯ ಪೊರೆ ಉಳಿಯುತ್ತದೆ. ಆಮೇಲೆ ಸಂದುಗೊಂದುಗಳಿಗೆ ಟೇಪು ಅಂಟಿಸಿ, ಅದರ ಮೇಲೆ ರಬ್ಬರಿನಂಥ ಕಪ್ಪು ದ್ರಾವಣ, ಅದರ ಮೇಲೆ ಬಿಳಿಯದು ಸಿಂಪಡಿಸುತ್ತಾರೆ. ಬಿಳಿ ಯಾಕೆ ಎಂದರೆ, ಮರುಭೂಮಿಯ ಬಿಸಿಲಿಗೆ ಮುಚ್ಚಿದ ಕಾಕ್‌ಪಿಟ್ ಒಳಗೆ 90 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬಿಳಿ ಬಳಿದರೆ ಹೊರಗಿನ ತಾಪಕ್ಕಿಂತ ಏಳೆಂಟು ಡಿಗ್ರಿಯಷ್ಟೇ ಹೆಚ್ಚು. ಇಷ್ಟು ಜೋಪಾನ ಮಾಡಿದ ವಿಮಾನ ವರ್ಷಗಳ ಮೇಲೂ ಹಾರಲು ಎದ್ದದ್ದುಂಟು.

ಜೋಪಾನ ಮಾಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಅಮೆರಿಕದ್ದೇ ಉದಾಹರಣೆ ಇದೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬ್ ಹಾಕಿದ ಎನೋಲಾ ಗೇ ವಿಮಾನವನ್ನು 1953ರಿಂದ ಆರೇಳು ವರ್ಷ ವಾಷಿಂಗ್ಟನ್ ಹತ್ತಿರದ ಆಂಡ್ರೂಸ್ ವಾಯುನೆಲೆಯ ಬಯಲಿನಲ್ಲಿ ನಿಲ್ಲಿಸಿದ್ದರು. ಮಳೆ, ಹಿಮ, ಹಕ್ಕಿಗೂಡು. ಬಂದವರು ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಹೋದರು. 1984ರಲ್ಲಿ ದುರಸ್ತಿ ಕೈಗೊಂಡಾಗ ಅದಕ್ಕೆ ತಗುಲಿದ ಶ್ರಮ ಹತ್ತಿರ ಹತ್ತಿರ ಮೂರು ಲಕ್ಷ ಗಂಟೆ. ಒಬ್ಬನೇ ದಿನಕ್ಕೆ ಎಂಟು ಗಂಟೆಯಂತೆ ರಜವಿಲ್ಲದೆ ಮಾಡಿದರೆ ನೂರು ವರ್ಷದ ಕೆಲಸ! ಅಂಥ ವಿಮಾನವನ್ನು ಉಳಿಸುವುದೇ ತಪ್ಪಲ್ಲವೇ ಎಂದು ತಾಯಂದಿರೊಬ್ಬರು ನನ್ನನ್ನು ಕೇಳಿದ್ದುಂಟು. ಉಳಿಸಬೇಕು ಎಂದೇ ನನ್ನ ಅಭಿಪ್ರಾಯ. ಪಕ್ಕದ ಫಲಕದಲ್ಲಿ ಏನು ಬರೆಯಬೇಕು ಎಂಬುದೇ ಕಷ್ಟದ ಪ್ರಶ್ನೆ. 1995ರಲ್ಲಿ ಅದನ್ನು ಪ್ರದರ್ಶನಕ್ಕಿಡುವಾಗ ಅಮೆರಿಕದಲ್ಲಿ ಎದ್ದ ಜಗಳವೆಲ್ಲ ಅದರ ಸುತ್ತಲೇ.

ನೀರಿನೊಳಗೇ ಬಿದ್ದಿದ್ದ ವಿಮಾನದ ಗತಿ? 1940ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕೆಂಟ್ ಕರಾವಳಿಯಲ್ಲಿ ಬಿದ್ದ ಜರ್ಮನಿಯ ಡಾರ್ನಿಯರ್-17 ವಿಮಾನವೊಂದನ್ನು 2013ರಲ್ಲಿ ಸಮುದ್ರದ ತಳದಿಂದ ಎತ್ತಿದರು. ಆ ಜಾತಿಯಲ್ಲಿ ಉಳಿದಿರುವುದು ಅದೊಂದೇ. ಕಾಸ್ಫರ್ಡ್ ಎಂಬಲ್ಲಿನ ಮ್ಯೂಸಿಯಮ್ಮಿನ ಅಂಗಳದಲ್ಲಿ, ನಮ್ಮ ಹೂವಿನ ತೋಟದವರು ಕಟ್ಟುತ್ತಾರಲ್ಲ ಅಂಥ ಪಾಲಿಥಿನ್ ಗೂಡುಗಳೊಳಗೆ ಇಟ್ಟು, ಹಗುರವಾದ ಸಿಟ್ರಿಕ್ ಆಮ್ಲದ ದ್ರಾವಣವನ್ನು ತಿಂಗಳುಗಟ್ಟಲೆ ಸಿಂಪಡಿಸಿದರು. ನಿಂಬೆಹಣ್ಣಿನಲ್ಲಿರುವುದೂ ಇದೇ ಆಮ್ಲ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬಿಂದಿಗೆ ತಿಕ್ಕುವ ಅಮ್ಮಂದಿರಿಗೆ ಇದರಲ್ಲಿ ಆಶ್ಚರ್ಯ ಕಾಣಲಾರದು. ಆದರೆ ಅಲ್ಲಿ ಹೊಳಪು ಬರಿಸುವುದು ಗುರಿಯಲ್ಲ. ಮೇಲಿನ ಗಸಿ ಸಡಿಲಗೊಳಿಸಿ, ಲೋಹದ ಸಂದಿನಲ್ಲಿ ಅಡಗಿದ ಕ್ಲೋರೈಡನ್ನು ತೊಳೆದು ತೆಗೆಯುವುದು.

ಇನ್ನು ಹಳೆಯ ವಾಯುನೆಲೆಗಳೇ ಮ್ಯೂಸಿಯಂ ಆಗುವುದರಲ್ಲಿ ಒಂದು ಅನುಕೂಲವಿದೆ. ಹ್ಯಾಂಗರ್ ಸಿದ್ಧವಾಗಿರುತ್ತದೆ, ರನ್‌ವೇ ಇರುತ್ತದೆ, ವಿಮಾನ ತಾನೇ ಹಾರಿಬಂದು ಇಳಿಯಬಹುದು. ರೆಕ್ಕೆ ಕಳಚಿ ಲಾರಿಯಲ್ಲಿ ತರಬೇಕಾಗಿಲ್ಲ. ಇಂಗ್ಲೆಂಡಿನ ಡಕ್ಸ್‌ಫರ್ಡ್ ಇದಕ್ಕೆ ಮಾದರಿ. 1938ರಲ್ಲಿ ಮೊಟ್ಟಮೊದಲು ಸ್ಪಿಟ್‌ಫೈರ್ ವಿಮಾನಗಳು ಸೇವೆಗೆ ಬಂದದ್ದು ಈ ನೆಲೆಗೆ. 1961ರಲ್ಲಿ ವಾಯುಪಡೆ ಅದನ್ನು ಬಿಟ್ಟಿತು. 1968ರಲ್ಲಿ ಯುದ್ಧದ ಸಿನಿಮಾ ತೆಗೆಯಲು ಬಂದವರು ಚಿತ್ರೀಕರಣಕ್ಕಾಗಿ ಅಲ್ಲಿನ ಒಂದು ಹಳೆಯ ಹ್ಯಾಂಗರನ್ನೇ ಸಿಡಿಸಿಹಾಕಿದರು! ಉಳಿದವನ್ನು 1970ರ ದಶಕದಲ್ಲಿ ಇಂಪೀರಿಯಲ್ ವಾರ್ ಮ್ಯೂಸಿಯಂ ಪಡೆದುಕೊಂಡಿತು. ಎಂಟು ಎಂಜಿನ್ನಿನ ಬಿ-52 ಬಾಂಬರ್ ಬಹಳ ಕಾಲ ಬಯಲಿನಲ್ಲೇ ನಿಂತಿತ್ತು. ಕೊನೆಗೆ ಆ ವಿಮಾನದ ಅಳತೆಗೆ ಸರಿಯಾಗಿ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರಿಂದ ಕಮಾನಿನಾಕಾರದ ಕಟ್ಟಡವನ್ನೇ ಕಟ್ಟಿಸಿದರು, 1997ರಲ್ಲಿ ತೆರೆಯಿತು. ಒಂದು ವಿಮಾನಕ್ಕಾಗಿ ಅಷ್ಟು ದೊಡ್ಡ ಸೂರು ಬೇಕೇ ಎನ್ನಬಹುದು. ಎನೋಲಾ ಗೇಯ ಮೂರು ಲಕ್ಷ ಗಂಟೆಯ ಲೆಕ್ಕ ನೋಡಿದವರು ಹಾಗೆ ಕೇಳಲಾರರು.

ಮ್ಯೂನಿಕ್ ಹತ್ತಿರದ ಷ್ಲೈಸ್‌ಹೈಮ್ ಎಂಬ ಹಳೆಯ ವಾಯುನೆಲೆಯಲ್ಲೂ ಇಂಥ ಮ್ಯೂಸಿಯಂ ಇದೆ. ಅಲ್ಲಿ ನಮ್ಮ ಎಚ್‌ಎಫ್-24 ಮರುತ್ ಒಂದು ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ರೂಪಿಸಿ ಕಟ್ಟಿದ ಜೆಟ್ ಅದು. 1961ರ ಜೂನ್ 17ರಂದು ಮೊದಲು ಹಾರಿತು. ಒಟ್ಟು ಮಾಡಿದ್ದು 147. 1990ರ ಹೊತ್ತಿಗೆ ಸೇವೆ ಮುಗಿಯಿತು. ಲಿಬರೇಟರ್ ಹದಿನೆಂಟು ಸಾವಿರ ಇದ್ದವು, ಎಲ್ಲೋ ಕೆಲವು ಉಳಿದುಕೊಂಡವು. ಮರುತ್ ವಿಷಯದಲ್ಲಿ ಅಂಥ ಅದೃಷ್ಟವನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ, 2001ರಲ್ಲಿ ತೆರೆದ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ಮರುತ್ ನೋಡಲು ಸಿಗುತ್ತದೆ. ನೋಡದವರು ಈ ಬೇಸಿಗೆ ರಜೆಯಲ್ಲೇ ನೋಡಿಬನ್ನಿ.

ಹಾರಿಸುತ್ತಲೇ ಇದ್ದರೆ ವಿಮಾನ ಚೆನ್ನಾಗಿರುತ್ತದೆ ಎನ್ನುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ, ಬಳಸುವ ಯಂತ್ರಕ್ಕೆ ದಿನವೂ ಆರೈಕೆ ಸಿಗುತ್ತದೆ. ಆದರೆ 2019ರ ಅಕ್ಟೋಬರ್ 2ರಂದು ಅದೇ ಕಾಲಿಂಗ್ಸ್ ಪ್ರತಿಷ್ಠಾನದ ಬಿ-17 ಬಾಂಬರ್ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಅಪಘಾತಕ್ಕೀಡಾಗಿ ಏಳು ಮಂದಿ ಸತ್ತರು. 2022ರ ನವೆಂಬರ್ 12ರಂದು ಡಲ್ಲಾಸ್ ನಗರದ ಪ್ರದರ್ಶನದಲ್ಲಿ ಎರಡು ಹಳೆಯ ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು ಆರು ಮಂದಿ ಹೋದರು. ಜೀವಗಳೂ ಹೋದವು, ಎಲ್ಲೋ ಬೆರಳೆಣಿಕೆಯಷ್ಟು ಉಳಿದಿದ್ದ ವಿಮಾನಗಳೂ ಹೋದವು. ಬೇಕಾದಷ್ಟು ಇರುವ ಜಾತಿಯದನ್ನು ಹಾರಿಸಲಿ, ಕೊನೆಯ ಒಂದೆರಡನ್ನು ನೆಲದ ಮೇಲೆ ಬಿಡಲಿ ಎಂದು ನನ್ನ ಪಕ್ಷ.

ನಮ್ಮ ಕಡೆ ಹಾರಿಸುವ ಪ್ರಶ್ನೆಯೇ ಏಳುವುದಿಲ್ಲ, ನಿಲ್ಲಿಸುವುದೇ ಪ್ರಶ್ನೆ. ಊರೂರ ವೃತ್ತದಲ್ಲಿ, ಕಾಲೇಜಿನ ಮುಂದೆ ಕಂಬದ ಮೇಲೆ ಮೂಗೆತ್ತಿ ನಿಂತ ಯುದ್ಧವಿಮಾನಗಳನ್ನು ನೀವು ನೋಡಿರುತ್ತೀರಿ. ನೋಡಲು ಭರ್ಜರಿ. ಆದರೆ ಮೂಗೆತ್ತಿದರೆ ಮಳೆನೀರೆಲ್ಲ ಬಾಲದ ಕಡೆ ಸೇರುತ್ತದೆ. ನೀರು ಇಳಿದುಹೋಗಲೆಂದು ವಿಮಾನದ ಹೊಟ್ಟೆಯಲ್ಲಿ ಸಣ್ಣ ತೂತುಗಳಿರುತ್ತವೆ. ಕಣಜ ಕಟ್ಟಿದ ಮಣ್ಣು, ಎಲೆ, ಪಾರಿವಾಳದ ಗೂಡು ಅವನ್ನು ಮುಚ್ಚುತ್ತವೆ. ಹಕ್ಕಿ ಹಿಕ್ಕೆ ಬಣ್ಣವನ್ನೂ ಲೋಹವನ್ನೂ ತಿನ್ನುತ್ತದೆ. ನಾನು ಕಂಡ ಒಂದು ಊರಿನಲ್ಲಿ (ಹೆಸರು ಬೇಡ) ಗಣ್ಯರು ಬರುತ್ತಾರೆಂದು ಹಿಂದಿನ ದಿನ ಧೂಳನ್ನೂ ಒರೆಸದೆ ಎನಾಮಲ್ ಬಳಿಯುತ್ತಿದ್ದರು. ಹಬ್ಬಕ್ಕೆ ಸುಣ್ಣ ಹೊಡೆಯುವ ಹಾಗೆ! ಒದ್ದೆ ಮೈಯ ಮೇಲೆ ಬಣ್ಣ ಬಿದ್ದರೆ ತೇವ ಒಳಗೇ ಉಳಿದು ಕಿಲುಬು ಇನ್ನೂ ಬೇಗ ಬೆಳೆಯುತ್ತದೆ. ಕೆಳಗಿದ್ದ ವಾಯುಪಡೆಯ ಮೂಲ ಅಕ್ಷರ, ಅಂಕಿಗಳೂ ಮಾಯ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕದಲ್ಲಿ ಈಗ ನೌಕಾಪಡೆಯ ಟುಪೊಲೆವ್-142 ವಿಮಾನವೂ ಇದೆ. ಐವತ್ತು ಮೀಟರ್ ರೆಕ್ಕೆಯ ಈ ದೈತ್ಯಗಳು 1988ರಿಂದ 2017ರವರೆಗೆ ನಮ್ಮ ಸಮುದ್ರ ಕಾದವು. ಅರಕ್ಕೋಣಂ ನೆಲೆಯಿಂದ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದಾರೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಯಿಲ್ಲ, ಸಂತೋಷವೇ. ಆದರೆ ಕಾರವಾರದಲ್ಲಿ ವರ್ಷಕ್ಕೆ ಮುನ್ನೂರು ಸೆಂಟಿಮೀಟರಿನ ಆಸುಪಾಸು ಮಳೆ, ಟ್ಯೂಸಾನ್‌ಗಿಂತ ಹತ್ತು ಪಟ್ಟು. ಜೊತೆಗೆ ಉಪ್ಪುಗಾಳಿ. ನೀವು ಲೋಟದಲ್ಲಿ ಮಾಡಿದ ಪ್ರಯೋಗವೇ ಅಲ್ಲಿ ಹಗಲಿರುಳು ದೊಡ್ಡದಾಗಿ ನಡೆಯುತ್ತದೆ. ಅದನ್ನು ಕಾಯುವವರ ಕೆಲಸ ಎಷ್ಟು ಕಷ್ಟ ಯೋಚಿಸಿ. ದುಬಾರಿ ಯಂತ್ರವೇನೂ ಬೇಡ: ಆಗಾಗ ಸಿಹಿನೀರಿನಲ್ಲಿ ತೊಳೆಯುವುದು, ತೂತುಗಳನ್ನು ಬಿಡಿಸುವುದು, ಮಳೆಗಾಲ ಮುಗಿದೊಡನೆ ಒಳಹೊಕ್ಕು ಒಣಗಿಸುವುದು. ಸಾಧ್ಯವಾದರೆ ಮೇಲೊಂದು ಸೂರು. ಉದ್ಘಾಟನೆಗೆ ಹಣ ಮಂಜೂರಾಗುತ್ತದೆ. ತೊಳೆಯುವವನ ಸಂಬಳಕ್ಕೆ ವರ್ಷವರ್ಷವೂ ಮಂಜೂರಾಗಬೇಕಲ್ಲ, ತೊಡಕು ಅಲ್ಲಿ.

ಮುಂದಿನ ಶೈಕ್ಷಣಿಕ ಪ್ರವಾಸದಲ್ಲಿ ಇಂಥ ವಿಮಾನ ಕಂಡರೆ ಅದರ ಮುಂದೆ ಫೋಟೊ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆಮೇಲೆ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ. ನೀರಿನ ತೂತು ತೆರೆದಿದೆಯೇ? ರಿವೆಟ್‌ಗಳ ಸುತ್ತ ಬಣ್ಣ ಗುಳ್ಳೆ ಎದ್ದಿದೆಯೇ, ಬಿಳಿ ಹುಡಿ ಕಾಣುತ್ತದೆಯೇ? ಕಂಡದ್ದನ್ನು ದಿನಾಂಕ ಹಾಕಿ ಬರೆದು ಅಲ್ಲಿನ ಕಚೇರಿಗೆ ಒಂದು ವಿನಯದ ಪತ್ರ ಕೊಡಿ. ಕೈಯಿಂದ ಕೆರೆಯಬೇಡಿ, ಮೇಲೆ ಹತ್ತಬೇಡಿ. ಒಳಗೆ ಬಿಟ್ಟರೂ ಹಳೆಯ ಗಡಿಯಾರದಂಥ ಮೀಟರುಗಳನ್ನು ಮುಟ್ಟಬೇಡಿ. ಎರಡನೇ ಮಹಾಯುದ್ಧದ ಕಾಲದ ಮೀಟರುಗಳ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಹೊಳಪು ಎಂದೋ ಹೋಗಿದೆ, ಆದರೆ ರೇಡಿಯಂನ ಅರ್ಧಾಯುಷ್ಯ 1,600 ವರ್ಷ!

ಈ ವಾರದ ಪ್ರಶ್ನೆ: ಮ್ಯೂಸಿಯಮ್ಮುಗಳಲ್ಲಿ ದೊಡ್ಡ ವಿಮಾನಗಳ ಭಾರ ಟೈರುಗಳ ಮೇಲೆ ಬೀಳದಂತೆ ಕಬ್ಬಿಣದ ಆಧಾರಗಳ ಮೇಲೆ ನಿಲ್ಲಿಸಿರುತ್ತಾರೆ. ಓಡದೆ ನಿಂತ ಟೈರಿಗೆ ಏನಾಗುತ್ತದೆ? ಕಾರಣ ಸಹಿತ ಅರ್ಧ ಪುಟ ಮೀರದಂತೆ ಬರೆದು ಕಳಿಸಿ. ಅಣ್ಣನ ಕೈಯಲ್ಲಿ ಬರೆಸಿದರೆ ನನಗೆ ಗೊತ್ತಾಗುತ್ತದೆ.